ಶಾಂತವ್ವನ ಕಟ್ಟಿ

ಅಥಣಿಯಲ್ಲಿ ಬಸ್ ಸ್ಟ್ಯಾಂಡಿನಲ್ಲೂ ಮಂದಿ ಮನೆ ಮುಂದೆಯೂ ಮಲಗುವವರಿಗೆ ವರ್ಷದ ಮಟ್ಟಿಗೆ ಇರಲು ಒಂದೊಂದು ಖೋಲಿಯ ಮನೆ ಕಟ್ಟುವುದಿತ್ತು. ನಕ್ಷೆ ನನ್ನದು. ಇದ್ದಷ್ಟೇ ಜಾಗದಲ್ಲಿ ಒಲೆ, ಬಚ್ಚಲು, ಟ್ರಂಕ್ ಇಡಲು ಅಟ್ಟ ಎಲ್ಲ ಹೊಂದಿಸಿದ್ದೆ. ನೆಲದ ಮೇಲೆ ಸುಣ್ಣದ ಗೆರೆ ಹಾಕಿಸಿ, ಮೊದಲ ಮನೆಗೆ ಬರಬೇಕಿದ್ದ ಮುದುಕಿ ಶಾಂತವ್ವನನ್ನು ಕರೆದು ತೋರಿಸಿದೆ.

ಆಕೆ ಗೆರೆಯೊಳಗೆ ಒಂದು ಸುತ್ತು ಹಾಕಿ, ಬಾಗಿಲು ಬರುವ ಕಡೆ ನಿಂತಳು. "ಎಲ್ಲಾ ಚಲೋ ಐತ್ರಿ ಸಾಹೇಬ್ರ. ಹೊರಗ ಕುಂಡ್ರಾಕ ಕಟ್ಟಿ ಎಲ್ಲೈತಿ?"

"ಕಟ್ಟಿ ಮಾಡಿದ್ರ ಖೋಲಿ ಸಣ್ಣದಾಗ್ತೈತಿ. ಇಷ್ಟ ವರ್ಷ ಮಂದಿ ಕಟ್ಟಿ ಮ್ಯಾಲ ಮಲಗೀದಿ ಯವ್ವಾ, ಇನ್ನ ಒಳಗ ಆರಾಮ ಮಲ್ಕೋ" ಎಂದೆ.

"ಮಲಗಾಕಲ್ರಿ. ಮಂದಿ ತಮ್ಮ ಕಟ್ಟಿ ಮ್ಯಾಲಿಂದ ನನ್ನ ಎಬ್ಬಿಸಿ ಕಳಿಸ್ಯಾರ. ನನ್ನ ಕಟ್ಟಿ ಮ್ಯಾಲ ಯಾರರ ಬಂದು ಕುಂಡ್ರಲಿ, ನಾ ಎಬ್ಬಿಸೂದಿಲ್ಲ."

ಖೋಲಿಯಲ್ಲಿ ಒಂದೂವರೆ ಅಡಿ ಕಡಿಮೆ ಮಾಡಿ ಬಾಗಿಲ ಹೊರಗೆ ಕಟ್ಟಿಯ ಜಾಗ ಬಿಟ್ಟೆ.

ಈಗ ನಾನು ಹೋದಾಗೆಲ್ಲ ಕಟ್ಟಿ ತುಂಬ ನಾಲ್ಕು ಮಂದಿ ತಂಬಾಕು ತಿಕ್ಕುತ್ತ ಕೂತಿರುತ್ತಾರೆ. ಅವರಲ್ಲೊಬ್ಬನಿಗೆ ಊರೊಳಗೆ ಎರಡು ಮಹಡಿಯ ಮನೆಯೇ ಇದೆ. ಶಾಂತವ್ವ ನನಗೆ ಚಹಾ ತಂದುಕೊಡುತ್ತಾಳೆ. ಆದರೆ ಮಾತಿಗೆ ತಪ್ಪುವವಳಲ್ಲ, ಯಾರನ್ನೂ ಎಬ್ಬಿಸುವುದಿಲ್ಲ. ನಕ್ಷೆ ಮಾಡಿದ ನಾನು ನಿಂತೇ ಕುಡಿದು ಬರುತ್ತೇನೆ.