ಬರಿತಲೆಯ ಕೊನೆಯ ಇಬ್ಬರು

ಆರ್ಲೋ ಮ್ಯಾಕ್‌ಫೀ ಹಟಮಾರಿ. ಹೊಸದಾಗಿ ಐಸ್-ಹಾಕಿ ಆಟದ ಕ್ಲಬ್ ಸೇರುವವರೆಲ್ಲ ಹೆಲ್ಮೆಟ್ ಹಾಕಲೇಬೇಕು ಎಂಬ ನಿಯಮ ಬಂದಾಗ, ಹಳಬರು ಮಾತ್ರ ಏಟು ಬಿದ್ದರೆ ಹೊಣೆ ನಮ್ಮದೇ ಎಂಬ ಕಾಗದಕ್ಕೆ ಸಹಿ ಹಾಕಿ ಬರಿತಲೆಯಲ್ಲೇ ಆಡಬಹುದಿತ್ತು. ಆರ್ಲೋ ಓದದೆಯೇ ಸಹಿ ಹಾಕಿದ. ನಮ್ಮ ಮೂಸ್ ಫಾಲ್ಸ್ ಕ್ಲಬ್ಬಿನಲ್ಲಿ ಸ್ಕೇಟುಗಳ ಅಲಗು ಮಸೆಯುವವನು ನಾನು. ಎಷ್ಟು ಬುದ್ಧಿ ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ವರ್ಷ ಕಳೆದಂತೆ ಬರಿತಲೆಗಳು ಕಡಿಮೆಯಾದವು. ಕೆಲವರು ಆಟ ಬಿಟ್ಟರು, ಕೆಲವರು ಹೆಂಡತಿಯ ಮಾತು ಕೇಳಿದರು. ಕೊನೆಗೆ ನಮ್ಮ ಲೀಗಿನಲ್ಲಿ ಉಳಿದವರು ಆರ್ಲೋ ಮತ್ತು ಕ್ವಿಬೆಕ್ ಕಡೆಯ ಫೆರ್ನಾನ್ ಬೆಲೋ, ಇಬ್ಬರೇ. ಬೆಲೋನ ಪೂರ್ತಿ ನೆರೆತ ತಲೆ ಗ್ಯಾಲರಿಯ ತುದಿಗೂ ಕಾಣುತ್ತಿತ್ತು. ಇವರು ಒಬ್ಬರ ಹಲ್ಲು ಒಬ್ಬರು ಉದುರಿಸಿದ ಎದುರಾಳಿಗಳು. ಒಟ್ಟಿಗೆ ಕೂತು ಒಂದು ಬಿಯರ್ ಕುಡಿದವರಲ್ಲ. ಆಟ ಶುರುವಾಗುವಾಗ ಎದುರುಬದುರು ಬಗ್ಗಿ ನಿಂತರೆ ಮಾತ್ರ ಮಾತು.

“ಏನೋ ಮುದ್ಕ, ತಲೆ ಇನ್ನೂ ಕತ್ತಿನ್ ಮೇಲೇ ಇದ್ಯಾ?” ಎನ್ನುತ್ತಿದ್ದ ಬೆಲೋ.

“ಇದೆ ಕಣೋ. ಒಳಗೇನೂ ಇಲ್ಲ ಅಷ್ಟೆ.”

ನಮ್ಮ ತಂಡದ ಹುಡುಗರು ಆರ್ಲೋನನ್ನು ತಾತ ಎಂದು ಕರೆದು, ಅವನನ್ನು ಬಿಟ್ಟು ಊಟಕ್ಕೆ ಹೋಗುತ್ತಿದ್ದರು. ಅವನನ್ನು ಅರ್ಥ ಮಾಡಿಕೊಂಡ ಒಬ್ಬನೇ ಮನುಷ್ಯ ಎದುರು ಪಾಳಯದಲ್ಲಿದ್ದ. ನೋಡಿ ನನಗೆ ಸಂಕಟವಾಗುತ್ತಿತ್ತು.

ಆ ಚಳಿಗಾಲ ಸ್ಟಿಕ್ಕಿನ ಏಟಿಗೆ ಬೆಲೋನ ತಲೆ ಒಡೆಯಿತು. ಈ ಸೀಸನ್ ಮುಗಿದರೆ ಅವನು ಆಟ ಬಿಡುತ್ತಾನೆ ಎಂದು ಸುದ್ದಿ ಬಂತು. ನಮ್ಮ ಕೊನೆಯ ಸರಣಿ ಅವನ ತಂಡದ ಎದುರೇ ಬಿತ್ತು. ಬೆಲೋ ಒಂದು ಆಟಕ್ಕೂ ಇಳಿಯಲಿಲ್ಲ.

“ಕೊನೇ ದಿನ ಬಂದೇ ಬರ್ತಾನೆ,” ಎಂದ ಆರ್ಲೋ. “ಅವ್ನಿಗೊಂದು ಮಾತು ಹೇಳ್ಬೇಕು. ನೀನಿಲ್ದಿದ್ರೆ ಈ ಆಟ ಯಾವಾಗ್ಲೋ ಬಿಟ್ಬಿಡ್ತಿದ್ದೆ ಅಂತ.”

“ಫೋನ್ ಮಾಡಿ ಹೇಳು ಮತ್ತೆ.”

“ನಾಚ್ಕೆ ಕಣಯ್ಯ. ಕೈ ಕುಲುಕೋವಾಗ ಹೇಳಿ ಮುಂದಕ್ಕೋಗ್ಬಿಡ್ತೀನಿ.”

ಸರಣಿ ಮುಗಿದ ಮೇಲೆ ಎರಡೂ ತಂಡದವರು ಸಾಲುಗಟ್ಟಿ ಕೈಕುಲುಕುವುದು ನಮ್ಮಲ್ಲಿ ತಪ್ಪದ ಪದ್ಧತಿ. ನಾವು ಸೋತೆವು. ಸಾಲು ಹೊರಟಿತು. ಆರ್ಲೋ ಕತ್ತು ಉದ್ದ ಮಾಡಿ ಬಿಳಿತಲೆಯನ್ನು ಹುಡುಕುತ್ತಾ, ಸಿಕ್ಕ ಕೈಗಳನ್ನೆಲ್ಲ ಹಿಡಿದು ಬಿಡುತ್ತಾ ಸಾಗಿದ. ಸಾಲು ಮುಗಿಯಿತು. ಬಿಳಿತಲೆ ಸಿಗಲಿಲ್ಲ.

ಆಮೇಲೆ ಬೆಲೋ ನನ್ನ ಕೋಣೆಗೆ ಇಣುಕಿದ. ಕೈಯಲ್ಲಿ ಹೆಲ್ಮೆಟ್ ಇತ್ತು.

“ಡಾಕ್ಟ್ರು ಇದಿಲ್ದೆ ಬೆಂಚ್ ಮೇಲೂ ಕೂರಂಗಿಲ್ಲ ಅಂದ್ರು. ಸಾಲಲ್ಲಿ ಕೈ ಕೊಟ್ರೆ ನಿಮ್ಮೋನು ನನ್ನ ಮುಖಾನೂ ನೋಡ್ಲಿಲ್ಲ. ಇದನ್ನ ಹಾಕ್ಕೊಂಡೆ ಅಂತ ಸಿಟ್ಟು. ಇರ್ಲಿ ಬಿಡಣ್ಣ, ಅವ್ನ ಜಾಗದಲ್ಲಿದ್ದಿದ್ರೆ ನಂಗೂ ಸಿಟ್ಟೇ ಬರ್ತಿತ್ತು.”

ಹೊರಗೆ ಅವರ ಬಸ್ಸು ಹಾರ್ನ್ ಹೊಡೆಯಿತು. ಅವನು ಹೋದ.

ಆರ್ಲೋಗೆ ಹೇಳಿದೆ. ಅವನು ತನ್ನ ಬಲಗೈಯನ್ನೇ ನೋಡುತ್ತಾ ಕೂತ. ನಂಬರ್ ಹುಡುಕಿಕೊಡುತ್ತೇನೆ, ಈಗಲಾದರೂ ಫೋನ್ ಮಾಡು ಎಂದು ರೇಗಿದೆ.

“ಏನಂತ ಹೇಳ್ಲಿ? ನಿನ್ನ ಗುರ್ತೇ ಸಿಗ್ಲಿಲ್ಲ ಅಂತ್ಲಾ?” ಎಂದ. “ಬೇಡ. ಸಿಟ್ಟು ಅಂತಾನೇ ಅಂದ್ಕೊಂಡಿರ್ಲಿ.”