ಅಕ್ಕ ಕೇಳಿದ ಒಂದು ಹಿಡಿ ಮಣ್ಣು

ಫಿನ್‌ಲ್ಯಾಂಡಿಗೆ ಬಂದ ಮೂರನೆಯ ದಿನ ನನ್ನ ಪ್ರೊಫೆಸರಮ್ಮ ಕೆರೆಯ ತಳದಿಂದ ತೆಗೆದ ಮಣ್ಣನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು, "ನೀನೂ ಕಚ್ಚಿ ನೋಡು" ಎಂದರು. ಹಲ್ಲಿಗೆ ಕರಕರ ಎಂದರೆ ಬೇಸಿಗೆಯ ಹೂಳು, ಬೆಣ್ಣೆಯಂತೆ ಜಾರಿದರೆ ಚಳಿಗಾಲದ ಜೇಡಿ. ಇಲ್ಲಿನವರು 'ಯಾರ್ವಿ' ಎನ್ನುವ ಈ ಕೆರೆಗಳ ತಳದಲ್ಲಿ ವರ್ಷಕ್ಕೊಂದು ಜೊತೆ ಪದರ ಕೂತಿದೆ. ಎಣಿಸುತ್ತ ಇಳಿದರೆ, ಸಾವಿರಾರು ವರ್ಷಗಳ ಹಿಂದೆ ಈ ನಾಡನ್ನು ಮುಚ್ಚಿದ್ದ ಹಿಮದ ಹಾಸು ಯಾವಾಗ ಹಿಂದೆ ಸರಿಯಿತೆಂದು ತಿಳಿಯುತ್ತದೆ. ಆ ಎಣಿಕೆಯೇ ನನ್ನ ಕೆಲಸ.

ಭದ್ರಾವತಿಯ ಜನ್ನಾಪುರದಲ್ಲಿದ್ದ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಮಣ್ಣು ತಿನ್ನೋಕೆ ಅಷ್ಟು ದೂರ ಹೋದ್ಯೇನೇ ಮಾರಾಯ್ತಿ?" ಎಂದು ನಕ್ಕಳು. ಅಮ್ಮ ಹೋದ ಮೇಲೆ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಕಬ್ಬಿಣ ಎರೆಯುವ ಅಚ್ಚಿಗೆ ಮರಳು ಕಲಸಿ ನನ್ನನ್ನು ಓದಿಸಿದವಳು ಅವಳು. ಮರಳನ್ನು ಮುಷ್ಟಿಯಲ್ಲಿ ಹಿಚುಕಿ ಬಿಚ್ಚುತ್ತಿದ್ದಳು. ಬೆರಳಿನ ಗುರುತು ಉದುರದೆ ನಿಂತರೆ ಹದ ಸರಿ. "ಬರುವಾಗ ಒಂದು ಹಿಡಿ ತಗೊಂಡ್ ಬಾ. ಹದ ನೋಡ್ತೀನಿ" ಎಂದಳು.

ಜನ್ನಾಪುರದ ಬಸ್ಸಿನಲ್ಲಿ ಗುರುತಿಲ್ಲದವರೂ ಯಾಕಮ್ಮ ಸೊರಗಿದ್ದೀಯ ಎನ್ನುತ್ತಾರೆ. ಇಲ್ಲಿ ಪಕ್ಕದ ಮನೆಯವರು ಎರಡು ವರ್ಷವಾದರೂ ನನ್ನ ಹೆಸರು ಕೇಳಿಲ್ಲ. ರೈ ಧಾನ್ಯದ ಹುಳಿ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ ತಿನ್ನುತ್ತೇನೆ. ಮಂಜುಗಡ್ಡೆಯ ಮೇಲೆ ಬೀಳದೆ ನಡೆಯುವುದನ್ನು ಕಲಿತ ದಿನ ಮಾತ್ರ ಬಹಳ ಬೀಗಿದ್ದೆ. ದಿನವೂ ಲ್ಯಾಬಿನಲ್ಲಿ ಉಳಿದ ಮಣ್ಣನ್ನು ಕಸದ ಡಬ್ಬಿಗೆ ಹಾಕುತ್ತಿದ್ದೆ. ಹಾಗಿದ್ದೂ ರಜೆಗೆ ಊರಿಗೆ ಹೋದಾಗ ಒಯ್ದದ್ದು ಚಾಕೊಲೇಟು.

ಅಕ್ಕ ಚೀಲ ತಡಕಾಡಿ, "ಮಣ್ಣೆಲ್ಲೇ?" ಎಂದಳು.

"ಮರೆತೆ ಕಣೇ. ಮುಂದಿನ ಸಲ."

ಈ ಮಾರ್ಚಿನಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತು ತಳದ ಮಣ್ಣು ತೆಗೆಯಲು ಕೊಳವೆ ಇಳಿಸುತ್ತಿದ್ದಾಗ ಭಾವ ಫೋನ್ ಮಾಡಿದರು. ಅಕ್ಕನ ಎದೆಬಡಿತ ನಿಂತುಹೋಗಿತ್ತು. ಹೊರಡುವ ಮುನ್ನ ಲ್ಯಾಬಿಗೆ ಓಡಿ ಕಸದ ಡಬ್ಬಿಯಿಂದ ಮಣ್ಣು ಬಳಿದು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಂಡೆ. ಭದ್ರಾವತಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ನಮ್ಮಲ್ಲಿ ಬಂದವರೆಲ್ಲ ಗುಣಿಗೆ ಒಂದು ಹಿಡಿ ಮಣ್ಣು ಹಾಕುತ್ತಾರೆ. ಫೌಂಡ್ರಿಯ ಹೆಂಗಸರೆಲ್ಲ ಬಂದು ಹಾಕಿದ್ದರಂತೆ. ಅವಳು ಸಾಕಿದ ನಾನೊಬ್ಬಳೇ ಹಾಕಿರಲಿಲ್ಲ. ಆ ನೋವನ್ನು ಯಾರ ಹತ್ತಿರ ಹೇಳಲಿ?

ಮರುದಿನ ಭಾವನ ಜೊತೆ ಸಮಾಧಿಗೆ ಹೋದೆ. ಒಣಗಿದ ಜೇಡಿಗೆ ಬಾಟಲಿಯ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಚುಕಿ ಬಿಚ್ಚಿದೆ. ನಾಲ್ಕೂ ಬೆರಳಿನ ಗುರುತು ನಿಂತಿತ್ತು. "ಹದ ಸರಿ ಇದೆ, ಅಕ್ಕ" ಎಂದು ಗಟ್ಟಿಯಾಗಿ ಅತ್ತುಬಿಟ್ಟೆ.

"ಹಾಕಮ್ಮ" ಎಂದರು ಭಾವ. "ನಿಮ್ಮೂರ ಮಣ್ಣು ಬರುತ್ತೆ ಅಂತ ಕಾಯ್ತಾನೇ ಇದ್ಲು."

"ನಮ್ಮೂರು ಇದೇ, ಭಾವ" ಎನ್ನಲು ಬಾಯಿ ಬರಲಿಲ್ಲ. ಹಾಕಿದೆ.