ಮೇಸ್ತ್ರಿ ಒರೆಸಿದ ಕುರ್ಚಿ

ಕಾದ ಕಬ್ಬಿಣದ ಮೇಲೆ ಆಯಿಲ್ ಬಿದ್ದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಅದು ಅಪ್ಪನ ಅಂಗಿಯ ವಾಸನೆ. ತೊಂಬತ್ತರ ದಶಕದಲ್ಲಿ ಲಗ್ಗೆರೆಯ ವಠಾರದಲ್ಲಿ ನಾವಿದ್ದ ಶೀಟಿನ ಮನೆಯ ತುಂಬ, ಅನ್ನದ ತಟ್ಟೆಯವರೆಗೂ, ಅದೇ ವಾಸನೆಯಿತ್ತು. ಈಗ ಆ ವಠಾರವಿಲ್ಲ, ಅಪ್ಪನೂ ಇಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಬಿಜಾಪುರದ ಕಡೆಯಿಂದ ಬಂದ ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೆಷಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಒಳಗೆ ಯಾವ ಬೇರಿಂಗ್ ಸವೆದಿದೆಯೆಂದು ಹೇಳಿಬಿಡುತ್ತಿದ್ದ.

ಒಂದು ಆಯುಧಪೂಜೆಗೆ ಮನೆಯವರನ್ನೂ ಕಾರ್ಖಾನೆಗೆ ಕರೆದಿದ್ದರು. ಗ್ರೂಪ್ ಫೋಟೋಗೆಂದು ಕುರ್ಚಿ ಹಾಕಿದ್ದರು. ಬೆಳಗಿನಿಂದ ಮೆಷಿನ್ನುಗಳನ್ನು ತೊಳೆದು ದಣಿದಿದ್ದ ಅಪ್ಪ ತುದಿಯ ಕುರ್ಚಿಯಲ್ಲಿ ಕೂತ. "ಏ ಮೇಸ್ತ್ರಿ, ಏಳಯ್ಯ ಮೇಲೆ! ಅದು ಆಫೀಸರ್ಸ್‌ಗೆ ಹಾಕಿರೋದು," ಎಂದು ಮ್ಯಾನೇಜರ್ ಕೂಗಿದ. ಎಲ್ಲರೂ ನಕ್ಕರು. ಅಪ್ಪ ಎದ್ದ. ಎದ್ದವನು ಹೆಗಲ ಟವೆಲ್ಲಿನಿಂದ ತಾನು ಕೂತಿದ್ದ ಜಾಗವನ್ನು ಒರೆಸಿ, ಹಿಂದೆ ಹೋಗಿ ನಿಂತ. ಮನೆಗೆ ಮರಳುವ ದಾರಿಯುದ್ದಕ್ಕೂ ಅಳುತ್ತಿದ್ದ ನನಗೆ, "ನನ್ನ ಪ್ಯಾಂಟಿಗೆ ಆಯಿಲ್ ಹತ್ತಿತ್ತವ್ವಾ. ಪಾಪ, ಅವರ ಬಿಳಿ ಪ್ಯಾಂಟು ಹೊಲಸಾಗತಿತ್ತು," ಎಂದ. ಆ ಪಾಪ ನನಗೆ ಬೇಕಿರಲಿಲ್ಲ. ಆ ಮನುಷ್ಯನನ್ನು ಬಿಡಬಾರದೆಂದು ಅವತ್ತೇ ಹಲ್ಲು ಕಚ್ಚಿದೆ.

ಮುಂದೆ ಫ್ರೆಂಚ್ ಕಲಿತು ಅದನ್ನೇ ಕಲಿಸುವವಳಾದಾಗ ಅಪ್ಪನ ಪದದ ಬೆನ್ನು ಹತ್ತಿದೆ. ಮೇಸ್ತ್ರಿ ನಮ್ಮಲ್ಲಿಗೆ ಹಡಗು ಹತ್ತಿ ಬಂದದ್ದು, ಪೋರ್ಚುಗೀಸರ 'ಮೆಸ್ತ್ರೆ'ಯಾಗಿ. ಅದರ ಬೇರಿರುವ ಲ್ಯಾಟಿನ್ನಿನಲ್ಲಿ ಅದು ಹೆಚ್ಚಿನವನು, ಗುರು. ಅದೇ ಪದದ ಒಡಹುಟ್ಟುಗಳಿಂದ ಇಟಲಿಯವರು ಸಂಗೀತ ವಿದ್ವಾಂಸರನ್ನೂ ಸ್ಪೇನಿನವರು ಶಾಲೆಯ ಮೇಷ್ಟ್ರನ್ನೂ ಫ್ರಾನ್ಸಿನವರು ವಕೀಲರನ್ನೂ ಕರೆಯುತ್ತಾರೆ. ಮ್ಯಾನೇಜರನ ಪದವನ್ನೂ ನಾನು ಬಿಡಲಿಲ್ಲ. ಇಟಲಿಯಲ್ಲಿ ಅದರ ಮೂಲ ಕುದುರೆ ಪಳಗಿಸುವ ಕೆಲಸ! ಅವತ್ತು ಹೊಟ್ಟೆ ತುಂಬ ನಕ್ಕೆ.

ಹೋದ ವರ್ಷ ಅದೇ ಮ್ಯಾನೇಜರ್ ಮೊಮ್ಮಗಳನ್ನು ನನ್ನ ತರಗತಿಗೆ ಸೇರಿಸಲು ಬಂದ. ಕೈಯಲ್ಲಿ ಕೋಲು. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಎದುರಿದ್ದ ಕುರ್ಚಿ ತೋರಿಸಿ, "ಕೂತ್ಕೋಬಹುದಾ ಮೇಡಂ?" ಎಂದ. "ಅದು ಮಕ್ಕಳಿಗೆ ಹಾಕಿರೋದು ಸಾರ್," ಎಂದೆ. ನಿಂತೇ ಫಾರಂ ತುಂಬಿದ. ಅವನ ಕಾಲು ನಡುಗುವುದನ್ನು ಕೊನೆಯವರೆಗೂ ನೋಡಿದೆ. ಆಮೇಲೆ, "ನಾನು ಪೀಣ್ಯದ ಮೇಸ್ತ್ರಿ ಮಗಳು ಸಾರ್," ಎಂದೆ.

"ಯಾವ ಮೇಸ್ತ್ರಿ ಮೇಡಂ?" ಎಂದ.

ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಅವನಿಗೆ ನೆನಪೇ ಇರಲಿಲ್ಲ. ಸುಳ್ಳು ಹೇಳುವುದಿಲ್ಲ, ಅವನನ್ನು ನಿಲ್ಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅವನು ಹೋದ ಮೇಲೆ ಆ ಖಾಲಿ ಕುರ್ಚಿಯನ್ನು ನೋಡುತ್ತಾ ಕೂತೆ. ಅಪ್ಪ ಅಲ್ಲಿದ್ದಿದ್ದರೆ ಟವೆಲ್ಲಿನಿಂದ ಅದನ್ನು ಒರೆಸಿ, ಕೈಹಿಡಿದು ಅವನನ್ನು ಕೂರಿಸುತ್ತಿದ್ದ. ಅದಕ್ಕಾಗಿ ಅಪ್ಪನ ಮೇಲೂ ನನಗೆ ಸಿಟ್ಟಿದೆ. ಆ ಸಿಟ್ಟು ತೀರಿಸಿಕೊಳ್ಳಲು ಅಪ್ಪನಿಲ್ಲ.